ಅಪಸ್ವರದ ಪಾತ್ರ

ಗಂಟಲಿನ ಆಪರೇಷನ್ ಆದ ಮೇಲೆ ಗಾಯಕನ ದನಿ ಒಡೆದುಹೋಯಿತು. ಮೂವತ್ತು ವರ್ಷ ಒಂದೇ ನಾಟಕ ಕಂಪನಿಯಲ್ಲಿ ಹಾಡಿದ್ದವನು. ಈಗ ಮೇಲಿನ ಸ್ವರಕ್ಕೆ ಹೋದರೆ ಬರೀ ಗಾಳಿ ಬರುತ್ತಿತ್ತು. ಅವನ ಹೆಂಡತಿ ಅದೇ ಕಂಪನಿಗೆ ವೇಷದ ಬಟ್ಟೆ ಹೊಲಿಯುತ್ತಿದ್ದಳು.

ಆ ವರ್ಷ ನಿರ್ದೇಶಕರು ಹಾಸ್ಯನಾಟಕವೊಂದನ್ನು ಎತ್ತಿಕೊಂಡರು. ಸಂಗೀತ ನಾಟಕ ಆಡಿಸಲು ಹೊರಟ ತಂಡವೊಂದರ ಫಜೀತಿಯ ಕತೆ. ಪರದೆ ಸಿಕ್ಕಿಕೊಳ್ಳುತ್ತದೆ, ರಾಜನ ಮೀಸೆ ಉದುರುತ್ತದೆ, ನಾಯಕನಿಗಂತೂ ಹಾಡಲೇ ಬರುವುದಿಲ್ಲ. ಆ ನಾಯಕ ಯಾರಾಗಬೇಕೆಂದು ನಿರ್ದೇಶಕರು ಬಾಯಿಬಿಟ್ಟು ಹೇಳಲಾರದೆ ತಡವರಿಸುತ್ತಿದ್ದಾಗ ಗಾಯಕನೇ ಹೋಗಿ, ಪಾತ್ರ ತನಗೆ ಕೊಡಿ ಎಂದ.

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ಇರೋ ಮರ್ಯಾದೇನ ನೀವೇ ಹರಾಜು ಹಾಕ್ಕೋತೀರಾ?" ಎಂದು ಕೇಳಿದಳು.

"ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಇದು ವಾಸಿ ಕಣೆ."

ನಾಟಕ ಗೆದ್ದಿತು. ಅವನ ದನಿ ಒಡೆದಾಗಲೆಲ್ಲ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಹೊತ್ತಿಗೆ ಹೆಂಡತಿ ಹೊಲಿಗೆ ಕೋಣೆಯ ಬಾಗಿಲು ಹಾಕಿಕೊಂಡು, ಬಟ್ಟೆಯೇ ಇಲ್ಲದ ಮಿಷನ್ ತುಳಿಯುತ್ತ ಕೂರುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ಮಗಳು ಗಂಡನ ಮನೆಯಿಂದ ಹೇಳದೆ ಕೇಳದೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಳು. ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಬಂದವಳು ಅಪ್ಪನ ಮುಖ ನೋಡಲಾರದೆ ನೆಲ ನೋಡುತ್ತ ನಿಂತಳು. ಅವನು ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ.

"ನಗು ಬಂತೇನಮ್ಮ?"

"ಬಂತಪ್ಪ. ಎಲ್ರೂ ನಗ್ತಿದ್ರು, ನಂಗೂ ತಡೆಯೋಕಾಗಲಿಲ್ಲ."

"ಸರಿ ಬಿಡು. ಹಾಗಾದ್ರೆ ಚೆನ್ನಾಗೇ ಮಾಡಿದೀನಿ."

ಹಾಗೆಂದವನು ಒರೆಸಿದ ಕೆನ್ನೆಯನ್ನೇ ಮತ್ತೆ ಮತ್ತೆ ಒರೆಸಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಬಂದು, ಅವನ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಒರೆಸತೊಡಗಿದಳು. ಅದನ್ನು ನೋಡಿದ ಮಗಳಿಗೆ ಅಳು ತಡೆಯಲಾಗಲಿಲ್ಲ.

ಎರಡು ತಿಂಗಳಲ್ಲಿ ಆ ಒಡಕು ದನಿಯೂ ಹೋಯಿತು. ಪಿಸುಮಾತಿಗೂ ಕಷ್ಟಪಡುವಂತಾದ. ಪಾತ್ರ ಇನ್ನೊಬ್ಬ ನಟನ ಪಾಲಾಯಿತು. ಅವನದು ಒಳ್ಳೆಯ ಕಂಠ, ಕೆಟ್ಟದಾಗಿ ಹಾಡುವುದೇ ಅವನಿಗೆ ಬಾರದು. ಗಾಯಕ ದಿನಾ ಬೆಳಿಗ್ಗೆ ಹೋಗಿ ಎಲ್ಲಿ ತಾಳ ತಪ್ಪಬೇಕು, ಎಲ್ಲಿ ಉಸಿರು ಕಟ್ಟಬೇಕು ಎಂದು ಕೈಸನ್ನೆಯಲ್ಲೇ ಕಲಿಸಿಕೊಟ್ಟ. ಆಟದ ಹೊತ್ತಿನಲ್ಲಿ ಪರದೆಯ ಪಕ್ಕ ನಿಂತು, ಜನ ನಗುವುದು ತುಸು ತಡವಾದರೂ ಚಡಪಡಿಸುತ್ತಿದ್ದ.

ಕೆಲಸ ಮುಗಿಸಿದ ಹೆಂಡತಿ ಬಂದು ತೋಳು ಮುಟ್ಟಿ, ಮನೆಗೆ ಹೋಗೋಣವೇ ಎಂದು ಕೇಳುವಳು. ಇನ್ನೂ ಒಂದು ಹಾಡಿದೆ ಎಂದು ಅವನು ಬೆರಳೆತ್ತಿ ತೋರಿಸುವನು.