ರೈಟಣ್ಣ ಪರದೇಶದ ಬಸ್ಸು ಹತ್ತಿದ್ದು

ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಹೋಟೆಲಿನ ಬಾಗಿಲಿಗೆ ಬಿಳಿ ವ್ಯಾನೊಂದು ಬಂದು ನಿಂತಿತು. ಚಾಲಕ ಇಳಿದ, ಮೆಟ್ಟಿಲ ಮೇಲೆ ನಿಂತಿದ್ದ ರೈಟಣ್ಣನನ್ನು ನೋಡಿ ಹಲ್ಲು ಬಿಟ್ಟ, ವ್ಯಾನಿನ ಬಾಗಿಲು ಸರ್ರನೆ ಎಳೆದು, "ಫ್ರೀ, ಫ್ರೀ" ಎಂದ.

ಆ ಪದ ಕಿವಿಗೆ ಬಿದ್ದದ್ದೇ ತಡ, ರೈಟಣ್ಣನ ಕೈ ತಾನಾಗಿಯೇ ಜೇಬನ್ನು ಮುಟ್ಟಿ ನೋಡಿಕೊಂಡಿತು. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿ, "ರೈಟ್, ರೈಟ್" ಎಂದು ಕೂಗಿ ಕೂಗಿ ಅಪ್ಪ ಅಮ್ಮ ಇಟ್ಟ ಹೆಸರನ್ನೇ ಕಳೆದುಕೊಂಡ ಮನುಷ್ಯ ಅವನು. ಪಾಸು ಮನೆಯಲ್ಲೇ ಉಳಿಯಿತು ಎನ್ನುವವರನ್ನು ಕಂಡಿದ್ದ. ಮೀಸೆ ಚಿಗುರಿದ ಮಗನನ್ನು ಸೊಂಟಕ್ಕೆತ್ತಿಕೊಂಡು "ಇನ್ನೂ ಐದು ತುಂಬಿಲ್ಲ ಅಣ್ಣ" ಎನ್ನುವ ತಾಯಂದಿರನ್ನೂ ಕಂಡಿದ್ದ. ಚಕ್ರದ ಮೇಲೆ ಉರುಳುವ ಯಾವುದರಲ್ಲೂ ತನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂಬುದು ಅವನ ನಂಬಿಕೆ. ಜೀವಮಾನದಲ್ಲಿ ಮೊದಲ ಸಲ ದೇಶ ಬಿಟ್ಟು ಬಂದಿರುವಾಗ ಈ ಹಲ್ಲುಗಿಂಜುಕನ ಕೈಗೆ ಸಿಕ್ಕಿಬೀಳುತ್ತಾನೆಯೇ?

"ಹೋಗಯ್ಯ ಹೋಗು, ನಿನ್ನಂಥೋರನ್ನ ಬೇಕಾದಷ್ಟು ನೋಡಿದ್ದೀನಿ" ಎಂದು ಕೈಬೀಸಿದ. ಚಾಲಕ ಯಾವುದೋ ಕಾಗದ ತೋರಿಸಲು ಬಂದ. ರೈಟಣ್ಣ ಮುಖ ತಿರುಗಿಸಿದ. ಕಾಗದ ತೋರಿಸುವ ಕಳ್ಳ ಬರೀ ಕಳ್ಳನಿಗಿಂತ ಅಪಾಯ. ಆತ ಗಡಿಯಾರ ನೋಡಿದ, ಕೈ ಚೆಲ್ಲಿದ, ವ್ಯಾನು ಹತ್ತಿ ಹೊರಟುಹೋದ.

ಎರಡೇ ನಿಮಿಷಕ್ಕೆ ಹೆಂಡತಿ, ಮಗಳು ಕೆಳಗಿಳಿದು ಬಂದರು. ಮಗಳಿಗೆ ಹದಿಮೂರು. ಹೊಸ ಟೀ ಶರ್ಟು, ಬಿಗಿಯಾದ ಜಡೆ, ಮುಷ್ಟಿಯೊಳಗೆ ಕೇರಂ ಆಡುವ ಸ್ಟ್ರೈಕರು.

"ಅಪ್ಪಾ, ವ್ಯಾನ್ ಬಂತಾ?"

"ಯಾವ ವ್ಯಾನು ಪುಟ್ಟಿ?"

"ನಿನ್ನೆ ಕೋಚ್ ಸರ್ ತಮ್ಮ ಹೋಟೆಲಿಗೆ ಹೋಗೋ ಮುಂಚೆ ಹೇಳಿದ್ರಲ್ಲ, ಟೂರ್ನಮೆಂಟಿನವರೇ ಎಂಟು ಗಂಟೆಗೆ ಬಿಳಿ ವ್ಯಾನ್ ಕಳಿಸ್ತಾರೆ ಅಂತ."

ನಿನ್ನೆ ಕೋಚ್ ಅದನ್ನು ಹೇಳುವಾಗ ರೈಟಣ್ಣ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಈಗ ಅವನ ಮುಖ ಹುಳ್ಳಗಾದದ್ದು ಹೆಂಡತಿಯ ಕಣ್ಣು ತಪ್ಪಲಿಲ್ಲ.

"ಏನ್ರೀ? ಬಂದಿತ್ತಾ?"

"ಬಂದಿತ್ತು."

"ಎಲ್ಲಿ ಮತ್ತೆ?"

"ಕಳಿಸ್ಬಿಟ್ಟೆ. ಅವನು ಫ್ರೀ ಅಂದ ಕಣೇ."

"ಫ್ರೀ ಅಂದ್ರೆ ಹತ್ತೋದು ಬಿಟ್ಟು ಯಾರಾದ್ರೂ ಓಡಿಸ್ತಾರೇನ್ರೀ? ನಿಮ್ಮ ಬುದ್ಧಿಗಿಷ್ಟು!"

ಹತ್ತು ಗಂಟೆಗೆ ಮಗಳ ಮೊದಲ ಪಂದ್ಯ. ಹತ್ತಕ್ಕೆ ಬೋರ್ಡಿನ ಮುಂದೆ ಕೂತಿರದಿದ್ದರೆ ಎದುರಾಳಿ ಒಂದು ಕಾಯಿಯನ್ನೂ ಮುಟ್ಟದೆ ಗೆದ್ದ ಹಾಗೆ. ಇವಳು ಗಂಟು ಕಟ್ಟಿಕೊಂಡು ಮನೆಗೆ. ನಾಲ್ಕು ವರ್ಷದಿಂದ ಅವರ ಒಂದೇ ಕೋಣೆಯ ಮನೆಯಲ್ಲಿ ಕೇರಂ ಬೋರ್ಡು ಹಗಲು ಗೋಡೆಗೊರಗಿ, ಸಂಜೆಯಾದರೆ ಮಂಚದ ಮೇಲೇರುತ್ತಿತ್ತು. ಎರಡು ಪಾಳಿ ಮುಗಿಸಿ ಬಂದು, ತೂಕಡಿಸುತ್ತಲೇ ಅವಳ ಎದುರು ಕೂತು ಸಾವಿರ ಆಟ ಸೋತವನೂ ಈ ರೈಟಣ್ಣನೇ. ಹಾಗಾಗಿ ತಪ್ಪು ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಿತ್ತು. ಆದರೆ ಅದನ್ನು ತೋರಿಸಿಕೊಂಡರೆ ಕಂಡಕ್ಟರಿಕೆಯ ಮಾನ ಏನಾಗಬೇಕು?

"ಇನ್ನೂ ಎರಡು ಗಂಟೆ ಇದೆ. ಆರು ಕಿಲೋಮೀಟರ್ ಯಾವ ಮಹಾ! ನನ್ನ ಹಿಂದೆ ಬನ್ನಿ" ಎಂದು ಮುಂದೆ ನಡೆದ.

ಬೀದಿಯ ತಿರುವಿನಲ್ಲಿ ಟ್ಯಾಕ್ಸಿಯೊಂದು ನಿಂತಿತ್ತು. ಚಾಲಕ ನರೆತ ಮೀಸೆಯ, ಸಾಧು ಮುಖದ ವಯಸ್ಸಾದವನು. ಮಗಳು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ವಿಳಾಸ ಹೇಳಿದಳು. ಆತ ಮೀಟರ್ ತೋರಿಸಿ, ಕೈಯಲ್ಲಿ ದೊಡ್ಡ ಸುತ್ತು ಬರೆದು ಏನೋ ವಿವರಿಸಿದ.

"ಸೇತುವೆ ಇವತ್ತು ಮುಚ್ಚಿದೆಯಂತೆ ಅಪ್ಪಾ. ಸುತ್ತಿ ಹೋಗ್ಬೇಕಂತೆ."

ರೈಟಣ್ಣ ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಂತೆ ನಕ್ಕ. ಅವನ ಡಿಪೋದಲ್ಲಿ ಹಳೆಯ ಡ್ರೈವರೊಬ್ಬನಿದ್ದ. ಒಂದೇ ಸಲ ಪರದೇಶಕ್ಕೆ ಹೋಗಿಬಂದು, ಉಳಿದ ಸರ್ವೀಸನ್ನೆಲ್ಲ ಅದರ ವರ್ಣನೆಯಲ್ಲೇ ಕಳೆಯುತ್ತಿದ್ದವನು. ಹೊರಡುವ ಹಿಂದಿನ ದಿನ ಕ್ಯಾಂಟೀನಿನಲ್ಲಿ ಅವನು ಕಿವಿಯಲ್ಲಿ ಊದಿದ್ದೇ ಇದು: "ದಾರಿ ಮುಚ್ಚಿದೆ ಅನ್ನೋನು ಎಲ್ಲರಿಗಿಂತ ದೊಡ್ಡ ಕಳ್ಳ. ಊರೆಲ್ಲ ಸುತ್ತಿಸಿ ಮೀಟರ್ ಏರಿಸ್ತಾನೆ."

"ಸೇತುವೆ ಮುಚ್ಚಿದೆಯಂತೆ! ನದಿ ಇದೆಯೋ ಅದೂ ಒಣಗೋಯ್ತೋ ಕೇಳು. ಬೇಡ ಪುಟ್ಟಿ, ಬಸ್ಸಿಗೆ ಹೋಗೋಣ. ಬಸ್ಸು ಮೋಸ ಮಾಡಲ್ಲ."

ನಿಲ್ದಾಣದ ಯಂತ್ರದಲ್ಲಿ ಮಗಳು ಮೂರು ಟಿಕೆಟ್ ತೆಗೆದಳು. ಮುಕ್ಕಾಲು ಗಂಟೆ ಕಾದ ಮೇಲೆ ಬಸ್ಸು ಬಂತು. ಒಳಗೆ ಹೋಗಿ ನೋಡಿದರೆ ಕಂಡಕ್ಟರೇ ಇಲ್ಲ! ಬಾಗಿಲಲ್ಲಿ ಜನ ಜೇನುಗೂಡಿನ ಹಾಗೆ ಜೋತುಬಿದ್ದಿದ್ದಾರೆ, ಹಿಂದುಗಡೆ ಅರ್ಧ ಬಸ್ಸು ಖಾಲಿ. ಹಿರಿಯರಿಲ್ಲದ ಮನೆ ಹೀಗೇ ಆಗುವುದು ಎಂದು ಮನಸ್ಸಿನಲ್ಲೇ ಮರುಗುತ್ತ ಅವನು ಕಂಬಿಗೊರಗಿ ನಿಂತ.

ನದಿಯ ದಂಡೆಗೆ ಬಂದಾಗ ಸೇತುವೆಗೆ ಅಡ್ಡಲಾಗಿ ಕೆಂಪು ಬಿಳಿ ಪಟ್ಟಿಯ ಹಲಗೆಗಳಿದ್ದವು. ಹೆಲ್ಮೆಟ್ ಹಾಕಿದ ಇಬ್ಬರು ರಸ್ತೆ ಅಗೆಯುತ್ತಿದ್ದರು. ಬಸ್ಸು ಎಡಕ್ಕೆ ತಿರುಗಿ ದೊಡ್ಡ ಸುತ್ತು ಹಿಡಿಯಿತು.

"ಪಾಪ, ಆ ಮುದುಕಪ್ಪ ನಿಜಾನೇ ಹೇಳಿದ್ದ" ಎಂದಳು ಹೆಂಡತಿ. "ನಿಮ್ಮ ಪಾಲಿಗೆ ನಿಜ ಹೇಳಿದವನೂ ಕಳ್ಳ, ಪುಕ್ಕಟೆ ಕರ್ಕೊಂಡ್ಹೋಗೋಕೆ ಬಂದವನೂ ಕಳ್ಳ. ನಮ್ಮನೆ ಕನ್ನಡೀಲಿ ಕಾಣೋನೊಬ್ಬನೇ ಸಾಚಾ."

"ಅಮ್ಮಾ, ಒಂಬತ್ತೂ ಕಾಲು" ಎಂದಳು ಮಗಳು. ಅವಳ ಮುಷ್ಟಿ ಸ್ಟ್ರೈಕರಿನ ಮೇಲೆ ಇನ್ನಷ್ಟು ಬಿಗಿಯಾಯಿತು.

ಮುಂದಿನ ನಿಲ್ದಾಣದಲ್ಲಿ ನೀಲಿ ಕೋಟಿನವನೊಬ್ಬ ಹತ್ತಿದ. ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಪುಸ್ತಕ. ನೇರವಾಗಿ ಬಸ್ಸಿನ ನಡುವೆ ಪೆಟ್ಟಿಗೆ, ನಕ್ಷೆ ಹಿಡಿದು ಕೂತಿದ್ದ ವಯಸ್ಸಾದ ಪ್ರವಾಸಿ ದಂಪತಿಯ ಬಳಿ ಹೋಗಿ ಟಿಕೆಟ್ ಕೇಳಿದ. ನೋಡಿದ, ಸರಿಯಿಲ್ಲವೆಂದು ತಲೆಯಾಡಿಸಿದ, ದಂಡ ಎಂದು ಪುಸ್ತಕ ತೆರೆದ. ಆ ಅಜ್ಜಿ ದುಡ್ಡಿಗಾಗಿ ಚೀಲದೊಳಗೆ ಕೈ ಹಾಕಿದಳು.

ರೈಟಣ್ಣ ದುರುಗುಟ್ಟಿ ನೋಡಿದ. ಚೆಕಿಂಗಿಗೆ ಬಂದವನು ಮೊದಲು ಡ್ರೈವರಿಗೆ ಮುಖ ತೋರಿಸುತ್ತಾನೆ. ಬಾಗಿಲಿನಿಂದ ಶುರು ಮಾಡುತ್ತಾನೆ, ಯಾರೂ ಜಾರಿಕೊಳ್ಳದ ಹಾಗೆ. ಇವನು ನಡುವಿನಿಂದ ಶುರು ಮಾಡಿದ್ದಾನೆ. ಅದೂ ಹೋಗಲಿ, ಬಸ್ಸು ತಿರುವಿನಲ್ಲಿ ವಾಲಿದಾಗ ಪುಸ್ತಕ ಬಿಟ್ಟು ಎರಡೂ ಕೈಯಲ್ಲಿ ಕಂಬಿಯನ್ನು ತಬ್ಬಿಕೊಂಡ! ಬಸ್ಸಿನಲ್ಲಿ ಅನ್ನ ಸಂಪಾದಿಸುವವನ ಕಾಲು ಹಾಗಿರುವುದಿಲ್ಲ.

"ಏಯ್!" ರೈಟಣ್ಣ ಅಪ್ಪಟ ಕನ್ನಡದಲ್ಲಿ ಗುಡುಗಿದ. "ಯಾವ ಡಿಪೋ ನಿಂದು? ತೋರ್ಸು ಕಾರ್ಡು!"

"ಅಪ್ಪಾ, ಸುಮ್ನಿರಪ್ಪಾ" ಎಂದು ಮಗಳು ಅಂಗಿ ಜಗ್ಗಿದಳು.

ಭಾಷೆ ಅರ್ಥವಾಗಬೇಕಾಗಿರಲಿಲ್ಲ. ಆ ದನಿಯಲ್ಲಿ ಇಪ್ಪತ್ತೆಂಟು ವರ್ಷದ ಅಧಿಕಾರವಿತ್ತು. ನೀಲಿ ಕೋಟಿನವನು ಬಿಳಿಚಿಕೊಂಡ, ಬಸ್ಸು ನಿಂತದ್ದೇ ತಡ ಬಿದ್ದ ಪುಸ್ತಕ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹಾರಿ ಪರಾರಿಯಾದ. ಅಜ್ಜಿ ರೈಟಣ್ಣನ ಕೈ ಹಿಡಿದು ಕುಲುಕಿದಳು. ಅಜ್ಜ ಚಪ್ಪಾಳೆ ತಟ್ಟಿದ. ನಾಲ್ಕಾರು ಜನ ಸೇರಿಕೊಂಡರು.

ಅಲ್ಲಿಗೆ ಅವನು ಕೂತಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಹೊಗಳಿಕೆ ತಲೆಗೇರಿದ ಕಂಡಕ್ಟರ್ ಕೂರುವುದುಂಟೇ?

"ಒಳಗೆ ಹೋಗಿ, ಒಳಗೆ ಹೋಗಿ! ಹಿಂದೆ ಅಷ್ಟು ಜಾಗ ಇಟ್ಕೊಂಡು ಬಾಗಿಲಲ್ಲಿ ಏನು ಮೆರವಣಿಗೆ ನೋಡ್ತಿದ್ದೀರಾ?" ಎಂದು ಎರಡೂ ಕೈ ಬೀಸಿದ. ಆಶ್ಚರ್ಯವೆಂದರೆ ಜನ ಸರಿದರು. ಒಬ್ಬ ಹೆಂಗಸು ತಾನಾಗಿಯೇ ಟಿಕೆಟ್ ಚಾಚಿದಳು. ಅವನು ಕನ್ನಡಕ ಏರಿಸಿ ನೋಡಿ, ಸರಿ ಎಂದು ತಲೆಯಾಡಿಸಿದ. ಅದನ್ನು ಕಂಡು ಪಕ್ಕದವನು ಚಾಚಿದ, ಅವನ ಹಿಂದಿನವನು ಚಾಚಿದ, ಎಲ್ಲವೂ ರೈಟಣ್ಣನ ಕೈ ಸೇರಿದವು. ಹೆಂಡತಿ "ರೀ, ಇದೇನ್ರೀ ಇದು, ಇರಲಾರದೆ ಇರುವೆ ಬಿಟ್ಕೊಳ್ತಿದ್ದೀರಲ್ಲ" ಎಂದು ಹಲ್ಲು ಕಚ್ಚಿ ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡಿದ್ದ ಟೈ ಕಟ್ಟಿದ ಮಹಾಶಯನೊಬ್ಬನನ್ನು ಅವನು ಪತ್ತೆಹಚ್ಚಿದ್ದ. ಟಿಕೆಟ್ಟಿಲ್ಲ! ಪರದೇಶವಾದರೇನು, ಟಿಕೆಟ್ಟಿಲ್ಲದವನ ಕಣ್ಣು ಎಲ್ಲ ಕಡೆಯೂ ಕಿಟಕಿಯ ಆಚೆಗೇ.

"ತೆಗೀರಿ ಸ್ವಾಮಿ, ತೆಗೀರಿ" ಎಂದು ಅಂಗೈ ಚಾಚಿದ. ಆ ಮಹಾಶಯ ಕಕ್ಕಾಬಿಕ್ಕಿಯಾಗಿ ಜೇಬಿನಿಂದ ನೋಟು ತೆಗೆದು ಅಂಗೈ ಮೇಲಿಟ್ಟ.

ಸರಿಯಾಗಿ ಆ ಗಳಿಗೆಯಲ್ಲಿ ಬಸ್ಸು ನಿಂತಿತು, ಬಾಗಿಲು ತೆರೆಯಿತು, ನಿಜವಾದ ತಪಾಸಣೆಯವರಿಬ್ಬರು ಹತ್ತಿದರು. ಮೊದಲು ಡ್ರೈವರಿಗೆ ಮುಖ ತೋರಿಸಿದರು. ಈ ದಾರಿಯಲ್ಲಿ ಯಾರೋ ನಕಲಿ ಚೆಕಿಂಗಿನವನು ಪ್ರವಾಸಿಗರನ್ನು ದೋಚುತ್ತಿದ್ದಾನೆಂದು ವಾರದಿಂದ ಅವರಿಗೆ ದೂರು ಬರುತ್ತಿತ್ತು. ಈಗ ಕಣ್ಣೆದುರು ಕಂಡದ್ದೇನು? ಒಂದು ಕೈಯಲ್ಲಿ ಊರವರ ಟಿಕೆಟ್ಟುಗಳು, ಇನ್ನೊಂದು ಕೈಯಲ್ಲಿ ಊರವನ ನೋಟು, ಅರ್ಥವಾಗದ ಭಾಷೆಯಲ್ಲಿ ಗದರುತ್ತಿರುವ ಪರದೇಶಿ.

ರೈಟಣ್ಣ ಅವಸರವಸರವಾಗಿ ಪರ್ಸಿನಿಂದ ತನ್ನ ಗುರುತಿನ ಚೀಟಿ ತೆಗೆದು ತೋರಿಸಿದ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಂತೆ ಪುಟ್ಟಿ?"

"ನಕಲಿ ಕಾರ್ಡು ಚೆನ್ನಾಗಿ ಮಾಡಿಸಿದ್ದೀಯ ಅಂತಿದ್ದಾರೆ ಅಪ್ಪಾ." ಮಗಳು ಅವರ ಮಾತಿಗೆ ಮತ್ತೆ ಕಿವಿಗೊಟ್ಟಳು. "ಮುಂದಿನ ಸ್ಟಾಪಲ್ಲಿ ಇವರ ಆಫೀಸಿದೆಯಂತೆ, ನಾವು ಮೂವರೂ ಇಳೀಬೇಕಂತೆ. ಗಂಟೆ ಒಂಬತ್ತೂ ನಲವತ್ತು."

ಇಳಿದರು. ರೈಟಣ್ಣ ಮಗಳ ಮುಖ ನೋಡಿದ. ಅವಳು ಅಳುತ್ತಿರಲಿಲ್ಲ, ಅಳುವುದಕ್ಕೆ ಸಮಯ ಎಷ್ಟು ಬೇಕೆಂದು ಲೆಕ್ಕ ಹಾಕುವವಳಂತೆ ಗಡಿಯಾರ ನೋಡುತ್ತಿದ್ದಳು. ಆಗ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಪಾಸಣೆಯವರ ಮುಂದೆ ಹೋಗಿ ನಿಂತಳು.

"ನೋಡಿ ಸ್ವಾಮಿ, ಇವರನ್ನ ನೀವೇ ಇಟ್ಕೊಳ್ಳಿ. ಸಂಜೆವರೆಗೂ ಬೇಕಾದ್ರೂ ಇಟ್ಕೊಳ್ಳಿ, ನನ್ನದೇನೂ ತಕರಾರಿಲ್ಲ. ನನ್ನ ಮಗಳಿಗೆ ಹತ್ತಕ್ಕೆ ಆಟ ಇದೆ, ನಾವು ಹೊರಟ್ವಿ."

ಅವಳ ಬೆರಳು ಗಂಡನನ್ನೂ ನೆಲವನ್ನೂ ತೋರಿಸಿದ ರೀತಿಗೆ ಅನುವಾದ ಬೇಡವಾಗಿತ್ತು. ದೊಡ್ಡ ತಪಾಸಣೆಗಾರ ತಾನೇ ದಾರಿ ಬಿಟ್ಟ. ಎದುರಿನ ಸಾಲಿನಲ್ಲಿ ಮೊದಲಿದ್ದ ಟ್ಯಾಕ್ಸಿಯೊಳಕ್ಕೆ ಅವಳು ಮಗಳನ್ನು ನೂಕಿ, ತಾನೂ ಹತ್ತಿದಳು.

"ಏ ಇವಳೇ! ರೇಟ್ ಮೊದ್ಲೇ ಕೇಳು! ಗಾಡಿ ನಂಬರ್ ಬರ್ಕೋ! ಅವನ ಮುಖ ನೋಡಿದ್ರೇ..." ರೈಟಣ್ಣ ಕೂಗುತ್ತಿರುವಂತೆಯೇ ಟ್ಯಾಕ್ಸಿ ಹೊಗೆ ಬಿಟ್ಟು ಮಾಯವಾಯಿತು.

ಆಫೀಸೆಂದರೆ ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಹಳೆಯ ವೇಳಾಪಟ್ಟಿ. ಹತ್ತು ಗಂಟೆ ಹೊಡೆಯುವುದನ್ನು ಅವನು ಅಲ್ಲಿ ಕೂತು ನೋಡಿದ. ಮಗಳು ಕೂತ ಕುರ್ಚಿಯೋ, ಎದುರಾಳಿಯ ಎದುರಿನ ಖಾಲಿ ಕುರ್ಚಿಯೋ, ಯಾವುದೋ ಒಂದು ಕುರ್ಚಿ ಅವನ ಕಣ್ಣ ಮುಂದೆ ಸುತ್ತುತ್ತಿತ್ತು. ಹತ್ತೂವರೆಯ ಹೊತ್ತಿಗೆ ಬಸ್ಸಿನ ಕ್ಯಾಮೆರಾದ ಚಿತ್ರ ಬಂತು. ತಪಾಸಣೆಯವರು ನೋಡಿದರು. ನೀಲಿ ಕೋಟು ಕಂಬಿ ತಬ್ಬಿದ್ದನ್ನು ನೋಡಿ ನಕ್ಕರು. ರೈಟಣ್ಣ ಜನರನ್ನು ಹಿಂದಕ್ಕೆ ಕಳಿಸಿದ ಭಾಗವನ್ನು ಮಾತ್ರ ಎರಡು ಸಲ ಹಾಕಿ ನೋಡಿದರು. ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದರು. ಆಮೇಲೆ ಕಾಫಿ ಬಂತು, ಬೆನ್ನು ತಟ್ಟುವುದಾಯಿತು. ಒಬ್ಬ ಅವನ ಹಾಗೆಯೇ ಕೈ ಬೀಸಿ "ಒಲಗೇ ಓಗಿ, ಒಲಗೇ ಓಗಿ" ಎಂದು ಕಲಿತುಕೊಂಡ. ಇನ್ಯಾವ ದಿನವಾದರೂ ರೈಟಣ್ಣ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. ಇವತ್ತು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಸರಿಯಾದ ಬಸ್ಸಿಗೆ ಅವರೇ ಹತ್ತಿಸಿ ಕಳಿಸಿದರು. ಒಳಗೆ ಬಾಗಿಲಲ್ಲಿ ಎಷ್ಟು ಜನ ತುಂಬಿದ್ದರೂ ಅವನು ತುಟಿ ಬಿಚ್ಚಲಿಲ್ಲ.

ಆಟದ ಭವನದ ಉದ್ದನೆಯ ಪಡಸಾಲೆಯಲ್ಲಿ ಹೆಂಡತಿ ಒಬ್ಬಳೇ ಬೆಂಚಿನ ಮೇಲೆ ಕೂತಿದ್ದಳು.

"ಪುಟ್ಟಿ ಎಲ್ಲಿ?"

"ಒಳಗೆ. ಮೂರನೇ ಆಟ ನಡೀತಿದೆ. ಮೊದಲನೇದು ಸೋತಳು, ಎರಡನೇದು ಗೆದ್ದಳು. ಮೆಲ್ಲಗೆ ಮಾತಾಡಿ."

"ಟೈಮಿಗೆ ಬಂದ್ರಾ?"

"ಹತ್ತಕ್ಕೆ ಇನ್ನೂ ಎರಡು ನಿಮಿಷ ಇತ್ತು."

ರೈಟಣ್ಣ ಬೆಂಚಿನ ಮೇಲೆ ಕುಸಿದ. ಒಂದು ನಿಮಿಷ ಉಸಿರಾಡಿದ. ಎರಡನೇ ನಿಮಿಷಕ್ಕೆ ತಡೆಯಲಾಗಲಿಲ್ಲ.

"ಮೀಟರ್ ಹಾಕಿದ್ನಾ ಅವನು?"

"ಕೆಟ್ಟೋಗಿದೆ ಅಂದ. ಕೆಟ್ಟೋಗ್ಲಿ ಬಿಡಪ್ಪ ಅಂದೆ."

"ಎಷ್ಟು ಕಿತ್ಕೊಂಡ?"

"ಕೇಳ್ಬೇಡಿ, ನಿಮ್ಮ ಬಿ.ಪಿ.ಗೆ ಒಳ್ಳೇದಲ್ಲ."

"ಅಯ್ಯೋ ನಿನ್ನ! ಅವನು ಕಳ್ಳ ಅಂತ ಗೊತ್ತಾಗ್ಲಿಲ್ವೇನೇ?"

"ಗೊತ್ತಾಗ್ದೆ ಏನು, ಹತ್ತುವಾಗ್ಲೇ ಗೊತ್ತಾಯ್ತು" ಎಂದಳು ಅವಳು ಬಾಟಲಿಯ ನೀರು ಕುಡಿದು. "ಆದ್ರೆ ಗಾಡಿ ಹೇಗೆ ಓಡಿಸ್ದ ಅಂತೀರಿ! ಎರಡು ಸಂದಿ, ಒಂದು ಪೆಟ್ರೋಲ್ ಬಂಕು, ಯಾರದೋ ಮನೆ ಅಂಗಳ, ಎಲ್ಲಾದ್ರಲ್ಲೂ ನುಗ್ಗಿಸ್ದ. ಆ ಹೊತ್ತಲ್ಲಿ ನಂಗೆ ನಿಧಾನಕ್ಕೆ ಕರ್ಕೊಂಡ್ಹೋಗೋ ಸತ್ಯವಂತ ಬೇಕಿರ್ಲಿಲ್ಲ ಕಣ್ರೀ. ಓಡೋ ಕಳ್ಳ ಬೇಕಿತ್ತು. ಬೈಯೋದಿದ್ರೆ ಈಗ್ಲೇ ಬೈದು ಮುಗಿಸಿ, ಅವಳು ಹೊರಗೆ ಬರೋ ಮುಂಚೆ."

ಬೈಯಬೇಕೆಂದು ರೈಟಣ್ಣ ಬಾಯಿ ತೆರೆದ. ಒಳಗಿನಿಂದ ಸ್ಟ್ರೈಕರು ಕಾಯಿಗೆ ತಗುಲಿದ ಸದ್ದು ಕೇಳಿಸಿತು. ಆಮೇಲೆ ಕಾಯಿ ಗುಂಡಿಗೆ ಬಿದ್ದ ಮೆತ್ತನೆಯ ಸದ್ದು. ಯಾರ ಹೊಡೆತವೋ ತಿಳಿಯದು. ಅವನು ಹೆಂಡತಿಯ ಕೈಯಿಂದ ಬಾಟಲಿ ತೆಗೆದುಕೊಂಡು ಉಳಿದ ನೀರನ್ನೆಲ್ಲ ಕುಡಿದ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಮಗಳು ಹೊರಗೆ ಬಂದಳು. ಜಡೆ ಅರ್ಧ ಬಿಚ್ಚಿತ್ತು, ಬೆರಳಿಗೆಲ್ಲ ಬೋರ್ಡಿನ ಬಿಳಿ ಪುಡಿ. ಅಪ್ಪನನ್ನು ಕಂಡವಳೇ ಕಣ್ಣರಳಿಸಿದಳು.

"ಅಪ್ಪಾ! ನಿನ್ನ ಬಿಟ್ಬಿಟ್ರಾ?"

"ಬಿಟ್ರು ಮಗಳೇ. ಕಾಫಿ ಕೊಟ್ಟು ಕಳಿಸಿದ್ರು. ನಿಂದೇನಾಯ್ತು?"

"ಎರಡು ಪಾಯಿಂಟಲ್ಲಿ ಗೆದ್ದೆ. ರಾಣಿ ನಂದೇ" ಎಂದಳು. ಅಮ್ಮನಿಗೆ ಸ್ಟ್ರೈಕರು ಕೊಟ್ಟು, ಸೊಂಟಕ್ಕೆ ಕೈಯಿಟ್ಟು, ಅಪ್ಪನ ಮುಂದೆ ನಿಂತಳು. "ಮುಂದಿನ ಪಂದ್ಯ ಎರಡು ಗಂಟೆಗೆ, ಇದೇ ಹಾಲಲ್ಲಿ. ಅಲ್ಲೀವರೆಗೂ ನೀನು ಈ ಬೆಂಚಿಂದ ಏಳ್ಬಾರ್ದು. ಯಾರ ಟಿಕೆಟ್ಟೂ ನೋಡ್ಬಾರ್ದು. ಆಯ್ತಾ?"

"ಆಯ್ತಮ್ಮಾ" ಎಂದ ರೈಟಣ್ಣ, ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು.