ಗದ್ದೆಪ್ಪನ ತೋಳಿಗೆ ಮೂರು ಅಂಕ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಮಾನ್ವಿಯ ಪ್ರಾಣೇಶರಾಯ ಸಿಕಂದರಾಬಾದಿನ ಒಂದು ಮಿಲಿಟರಿ ದವಾಖಾನೆಯಲ್ಲಿ ಆರು ತಿಂಗಳಿದ್ದು, ಸ್ನಾಯುಗಳ ಕಸುವು ಅಳೆಯುವ ವಿದ್ಯೆ ಕಲಿತು ಬಂದ. ಹೋಗುವಾಗ ಬರೀ ಕಂಪೌಂಡರ್ ಆಗಿದ್ದವನು ಬರುವಾಗ ಒಂದು ಕನ್ನಡಕ, ಒಂದು ರಟ್ಟಿನ ಪುಸ್ತಕ ಮತ್ತು ನಡಿಗೆಯಲ್ಲಿ ಒಂದು ಹೊಸ ಗತ್ತು ತಂದಿದ್ದ. ರಾಯಚೂರು ಶಹರದ ದವಾಖಾನೆಯೊಂದರಲ್ಲಿ ಅವನಿಗೆ ಮೂಲೆಯ ಕೋಣೆ ಕೊಟ್ಟರು. ಅಲ್ಲಿಯ ತನಕ ಅದರಲ್ಲಿ ಖಾಲಿ ಸೀಸೆಗಳನ್ನು ಇಡುತ್ತಿದ್ದರು.

ವಿದ್ಯೆ ಕೇಳಲಿಕ್ಕೆ ಸರಳವೇ. ರೋಗಿ ತೋಳು ಎತ್ತಿ ಹಿಡಿಯಬೇಕು, ಪರೀಕ್ಷಕ ಅದನ್ನು ಕೆಳಕ್ಕೆ ಒತ್ತಬೇಕು, ರೋಗಿ ಆ ಒತ್ತಡಕ್ಕೆ ಎದುರು ನಿಲ್ಲಬೇಕು. ಜಗ್ಗದೆ ನಿಂತರೆ ಐದು ಅಂಕ. ಮಿಸುಕಲೂ ಆಗದ ತೋಳಿಗೆ ಸೊನ್ನೆ. ತಾನಾಗಿ ಎತ್ತಬಲ್ಲದು, ಆದರೆ ಒತ್ತಿದರೆ ಕುಸಿಯುತ್ತದೆ ಎಂಬಂಥ ತೋಳಿಗೆ ಮೂರು. ಇಷ್ಟನ್ನು ಕಲಿಯಲಿಕ್ಕೆ ಆರು ತಿಂಗಳು ಯಾಕೆ ಬೇಕಾಯಿತು ಎಂದು ಅವನ ತಾಯಿ ಸತ್ಯಭಾಮಾಬಾಯಿ ಕೇಳಿದ್ದುಂಟು. ಮಗ ಮನೆಗೆ ಬಂದಾಗಲೆಲ್ಲ ಆಕೆ ಕೇಳುತ್ತಿದ್ದ ಇನ್ನೊಂದು ಮಾತು, "ಇವತ್ತು ಎಷ್ಟು ಮಂದಿ ಕೈ ಹಿಡದು ಬಂದಿ? ಮೊದಲ ಬಚ್ಚಲಕ್ಕ ನಡಿ."

ಎಂಟು ತಿಂಗಳಲ್ಲಿ ಪ್ರಾಣೇಶ ನೂರಕ್ಕೂ ಹೆಚ್ಚು ಜನರ ತೋಳು ಒತ್ತಿದ. ಅದರಿಂದ ಹೊರಬಿದ್ದ ಸತ್ಯ ಬಹಳ ದುಃಖದ್ದಾಗಿತ್ತು. ಈ ಜಿಲ್ಲೆಯ ಹಳ್ಳಿಗರಲ್ಲಿ ಕಸುವೇ ಇರಲಿಲ್ಲ. ಮಟಮಾರಿಯ ಹಮಾಲಿ ಯಮನೂರಪ್ಪ ಹೆಗಲ ಮೇಲೊಂದು ಜೋಳದ ಮೂಟೆ ಹೊತ್ತೇ ಕೋಣೆಯೊಳಗೆ ಬಂದ, ಮೂಟೆ ಇಳಿಸಿ ಪರೀಕ್ಷೆ ಕೊಟ್ಟ, ಮೂರು ಅಂಕ ಪಡೆದ, ಮತ್ತೆ ಮೂಟೆ ಹೊತ್ತು ಹೋದ. ಆ ಮೂರು ಅಂಕ ನೋಡಿ ಅವನ ಧಣಿ ಅವನನ್ನು ಕೆಲಸದಿಂದ ತೆಗೆದ. ಅದೇ ವಾರ ಕೋಲೂರಿಕೊಂಡು ಬಂದ ಎಪ್ಪತ್ತು ದಾಟಿದ ಸುಗ್ರಾ ಬೇಗಂಗೆ ಐದಕ್ಕೆ ಐದು ಬಂತು. ಆಕೆಯ ಜೊತೆ ಪ್ರಾಣೇಶ ಉರ್ದುವಿನಲ್ಲಿ ಮಾತಾಡಿ, "ರೋಕೋ" ಅಂದಿದ್ದ. ಮುದುಕಿ ಅವನ ಕೈಯನ್ನು ನಿಲ್ಲಿಸಿಯೇಬಿಟ್ಟಳು.

ಇಂಥದ್ದನ್ನು ನೋಡಿದ ಯಾವನಾದರೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಿದ್ದ. ಪ್ರಾಣೇಶ ತಲೆ ಕೆರೆದುಕೊಳ್ಳುವ ಬದಲು ವರದಿ ಬರೆದ. ಹಳ್ಳಿಗರ ದೌರ್ಬಲ್ಯಕ್ಕೆ ಜೋಳದ ರೊಟ್ಟಿ ಕಾರಣವಿರಬಹುದೆಂದೂ, ಉರ್ದು ಬಲ್ಲವರಲ್ಲಿ ಸ್ನಾಯುಬಲ ಹೆಚ್ಚಾಗಿ ಕಾಣುವುದರಿಂದ ಭಾಷೆಗೂ ತೋಳಿಗೂ ಇರುವ ಸಂಬಂಧ ಪರಿಶೀಲನೆಗೆ ಯೋಗ್ಯವೆಂದೂ ಅದರಲ್ಲಿತ್ತು. ದೊಡ್ಡ ಡಾಕ್ಟರು ಜಗನ್ನಾಥರಾಯರು ಕೆಳಗೆ ತಮ್ಮ ಹೆಸರು ಹಾಕಿ ಅದನ್ನು ಹೈದರಾಬಾದಿಗೆ ಕಳಿಸಿದರು.

ಹೀಗಿರುವಾಗ ಒಂದು ಬೆಳಿಗ್ಗೆ ದೇವದುರ್ಗದ ಕಡೆಯ ಗೂಗಲ್ಲಿನಿಂದ ಗದ್ದೆಪ್ಪ ಬಂದ. ಕೃಷ್ಣೆಯಲ್ಲಿ ಹರಿಗೋಲು ನಡೆಸುವವನು. ಮೂರು ತಿಂಗಳ ಹಿಂದೆ ಹರಿಗೋಲು ಬಂಡೆಗೆ ಬಡಿದು ಬಲಭುಜ ಜಾರಿತ್ತು, ನಾಟಿ ವೈದ್ಯ ಕೂಡಿಸಿದ್ದ, ಈಗ ನೆಟ್ಟಗಾಗಿತ್ತು. ಆದರೆ ಹೊಳೆ ದಾಟಿಸುವ ಕಡವಿನ ಗುತ್ತೇದಾರ ಕೇಳಬೇಕಲ್ಲ. ದವಾಖಾನೆಯಿಂದ ನಾಲ್ಕು ಅಂಕದ ಚೀಟಿ ತಂದರೆ ಹರಿಗೋಲು, ಇಲ್ಲವಾದರೆ ಆ ಜಾಗಕ್ಕೆ ತನ್ನ ಭಾವಮೈದುನ ಎಂದು ಹೇಳಿ ಕಳಿಸಿದ್ದ. ಆ ಭಾವಮೈದುನ ನೀರು ಕಂಡರೆ ಕಣ್ಣು ಮುಚ್ಚುವವನು. ಗದ್ದೆಪ್ಪನ ಜೊತೆ ಹೆಂಡತಿ ಅಯ್ಯಮ್ಮನೂ ಬಂದು ಬಾಗಿಲ ಬಳಿ ಕೂತಳು.

ಮೊದಲು ವಿಚಾರಣೆ. ಪ್ರಾಣೇಶನ ಬಳಿ ನಲವತ್ತು ಪ್ರಶ್ನೆಗಳ ಕಾಗದವಿತ್ತು. ಅದರ ಮೇಲಿಟ್ಟ ಕಣ್ಣನ್ನು ಅವನು ರೋಗಿಯ ಕಡೆ ಎತ್ತುತ್ತಿರಲಿಲ್ಲ.

"ನಿನ್ನ ಹುಟ್ಟು ಯಾವಾಗಿಂದು?"

"ಹ್ವಾದ ವರ್ಷದ್ದ್ರೀ."

ಅಂದು ಮಾತ್ರ ಕಣ್ಣು ಮೇಲೆ ಬಂತು. ಎದುರಿಗೆ ನರೆತ ಮೀಸೆ ಇತ್ತು.

"ಹೋದ ವರ್ಷ?"

"ಹೌದ್ರೀ. ಹಳೇದು ಮುರೀತು. ಇದು ತೇಗಿಂದು. ದೇವದುರ್ಗದ ಬಡಿಗ್ಯಾನ ಕಡೆ ಮಾಡಿಸೀನಿ."

ಅಯ್ಯಮ್ಮ ಸೆರಗು ಬಾಯಿಗೆ ಹಿಡಿದಳು. "ಯಪ್ಪಾ, ಅಂವಾ ಹೊಳ್ಯಾಗ ಹುಟ್ಟು ಹಾಕೋ ಮನಿಷ್ಯಾ. ಹುಟ್ಟು ಅಂದ್ರ ಅವಂಗ ಆ ಕಟ್ಟಿಗಿನ ನೆಪ್ಪಿಗಿ ಬರತದ."

ಪ್ರಾಣೇಶ ನಗಲಿಲ್ಲ. ನಕ್ಕಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು, ಯಾಕೆಂದರೆ ಒಂದು ಮಾತಿಗೆ ಎರಡು ಅರ್ಥ ಇರಬಹುದೆಂದು ಅವನಿಗೆ ಅಲ್ಲಿಯೇ ಹೊಳೆದಿರುತ್ತಿತ್ತು. ಅವನು ವಯಸ್ಸು ಅಂದಾಜು ಐವತ್ತು ಎಂದು ಬರೆದು ಮುಂದೆ ಹೋದ.

"ನೋವು ಚುಚ್ಚತದೋ, ಉರೀತದೋ, ಜಗ್ಗತದೋ?"

"ಈಗ ನೋವು ಇಲ್ಲರೀ."

"ಇಲ್ಲ ಅಂತ ಬರೀಲಿಕ್ಕೆ ಇದರಾಗ ಜಾಗಾ ಇಲ್ಲ. ಮೂರರಾಗ ಒಂದು ಹೇಳು."

ಗದ್ದೆಪ್ಪ ಹೆಂಡತಿಯ ಮುಖ ನೋಡಿದ. ಓದಿದ ಮನುಷ್ಯ ಇಷ್ಟು ಕೇಳುವಾಗ ಬರಿಗೈಯಲ್ಲಿ ಕಳಿಸುವುದು ಅವನಿಗೆ ಸರಿ ಕಾಣಲಿಲ್ಲ. "ಹಂಗಾರ ಉರೀತದ ಅಂತ ಬರಕೊಳ್ರಿ" ಅಂದ.

ಆಮೇಲೆ ಪರೀಕ್ಷೆ. ಗದ್ದೆಪ್ಪ ಬಲದೋಳು ಎತ್ತಿ ಹಿಡಿದ. ಪ್ರಾಣೇಶ ಅಂಗಿಯ ತೋಳು ಮಡಚಿ, ನೂರು ಸಲ ಹೇಳಿದ್ದ ಅದೇ ಮಾತು ಹೇಳಿದ.

"ನಾ ಒತ್ತತೀನಿ. ನೀ ತಡಿ."

"ಆಗಲ್ರೀ" ಅಂದ ಗದ್ದೆಪ್ಪ. ಪ್ರಾಣೇಶ ಒತ್ತಿದ. ತೋಳು ಸುಮ್ಮನೆ ಕೆಳಗಿಳಿಯಿತು. ಮೂರು ಸಲ ಒತ್ತಿದ, ಮೂರು ಸಲವೂ ಹಾಗೇ. ಮೊಣಕೈ, ಮುಂಗೈ ಎಲ್ಲ ಅದೇ ಪಾಡು. ಪ್ರಾಣೇಶ ಚೀಟಿಯಲ್ಲಿ ಮೂರು ಎಂದು ಬರೆದ.

"ನಾಕು ಬೇಕಾಗಿತ್ತಲ್ರೀ" ಅಂದಳು ಅಯ್ಯಮ್ಮ.

"ನಾನು ಬೇಕಾದ್ದು ಬರಿಯೂದಿಲ್ಲ, ಇದ್ದದ್ದು ಬರೀತೀನಿ. ಇವನ ತೋಳಿನಾಗ ಕಸುವಿಲ್ಲ. ಇನ್ನ ಹುಟ್ಟು ಹಿಡೀಬಾರದು."

ಗದ್ದೆಪ್ಪನ ಮುಖ ಕಪ್ಪಿಟ್ಟಿತು. ಹನ್ನೆರಡನೆಯ ವಯಸ್ಸಿನಿಂದ ಅವನು ಮಾಡಿದ್ದು ಅದೊಂದೇ ಕೆಲಸ. ಈ ದಡದ ಜನ ಆ ದಡಕ್ಕೆ ಹೋಗಬೇಕೆಂದರೆ ಅವನನ್ನೇ ಕೂಗುತ್ತಿದ್ದರು. "ಹೊಳಿ ಬಿಟ್ಟು ನಾ ಏನ್ ಮಾಡ್ಲಿ?" ಎಂದು ತನ್ನಷ್ಟಕ್ಕೆ ಅಂದ.

ಅಯ್ಯಮ್ಮನಿಗೆ ಸಿಟ್ಟು ನೆತ್ತಿಗೇರಿತು, ಆದರೆ ಅದು ಮೊದಲು ಬಿದ್ದದ್ದು ಗಂಡನ ಮೇಲೆ. "ಮೊನ್ನಿ ಸೆಳವಿನಾಗ ಸಿಕ್ಕ ಹರಿಗೋಲು ನೀನೊಬ್ಬನ ದಂಡಿಗೆ ಎಳದಿ. ಇವರು ಎರಡು ಬೆರಳು ಇಟ್ರ ಕೈ ಕೆಳಗ ಬಿಡ್ತೀಯಲ್ಲ, ಏನ್ ಬ್ಯಾನಿ ನಿನಗ?"

"ಅವರು ತಡಿ ಅಂದ್ರು, ತಡದೆ" ಅಂದ ಗದ್ದೆಪ್ಪ. "ಅವರ ಕೆಲಸ ಅವರು ಮುಗಿಸ್ಲಿ, ಮುಂದಿಂದು ಹೇಳ್ತಾರ ಅಂತ ಕಾಯಾಕತ್ತಿದ್ದೆ."

ಪ್ರಾಣೇಶನ ಕೈಯ ಲೇಖನಿ ನಿಂತುಬಿಟ್ಟಿತು. ತಡಿ. ಎದುರು ನಿಲ್ಲು ಎಂದು ಅವನು ಹೇಳಿದ್ದ, ಸ್ವಲ್ಪ ಕಾಯಿ ಎಂದು ಗದ್ದೆಪ್ಪ ಕೇಳಿಸಿಕೊಂಡಿದ್ದ. ಮಾತು ಒಂದೇ. ಮಾನ್ವಿಯಲ್ಲಿ ಹುಟ್ಟಿ ಬೆಳೆದ ಅವನೇ ದಿನಕ್ಕೆ ಹತ್ತು ಸಲ ತಾಯಿಗೆ "ತಡಿ, ಬಂದೆ" ಅನ್ನುತ್ತಿದ್ದ.

"ಬಿಡಬ್ಯಾಡ ಅಂತ ಹೇಳಿ ನೋಡ್ರಿ" ಅಂದಳು ಅಯ್ಯಮ್ಮ.

ಪ್ರಾಣೇಶ ಮತ್ತೆ ತೋಳು ಎತ್ತಿಸಿದ. "ಗದ್ದೆಪ್ಪಾ, ಒತ್ತತೀನಿ. ಬಿಡಬ್ಯಾಡ."

ಒಂದು ಕೈಯಿಂದ ಒತ್ತಿದ. ಎರಡೂ ಕೈ ಹಾಕಿದ. ಮೈಭಾರವೆಲ್ಲ ಬಿಟ್ಟು ಜೋತುಬಿದ್ದ. ಕನ್ನಡಕ ಜಾರಿ ನೆಲಕ್ಕೆ ಬಿತ್ತು, ಹಿಮ್ಮಡಿ ನೆಲ ಬಿಟ್ಟಿತು, ತೋಳು ಮಾತ್ರ ಇದ್ದಲ್ಲೇ ಇತ್ತು. ಗದ್ದೆಪ್ಪ ವಿನಯದಿಂದ ಕೇಳಿದ, "ಸಾಕೇನ್ರೀ, ಇನ್ನೂ ಒತ್ತೋರದೀರೇನ್ರೀ?"

ಪ್ರಾಣೇಶ ಕನ್ನಡಕ ಎತ್ತಿಕೊಂಡು ಚೀಟಿಯಲ್ಲಿದ್ದ ಮೂರನ್ನು ಹೊಡೆದುಹಾಕಿ ಐದು ಎಂದು ಬರೆದ. ಆಮೇಲೆ ಎಲ್ಲರ ಅಂಕ ಬರೆದಿಟ್ಟ ವಹಿ ತೆರೆದು ಪುಟ ತಿರುವಿದ. ಮೂರು, ಮೂರು, ಮೂರು. ಎಪ್ಪತ್ತಮೂರು ಹೆಸರು. ಎಲ್ಲರೂ ಹೇಳಿದ ಮಾತು ಕೇಳಿದವರು, ಅದಕ್ಕೇ ಕಸುವಿಲ್ಲದವರಾದರು. ಮೂಟೆ ಹೊತ್ತು ಬಾಗಿಲು ದಾಟಿದ ಯಮನೂರಪ್ಪನ ಬೆನ್ನು ನೆನಪಾಗಿ ಅವನಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು. ವಹಿ ಬಗಲಲ್ಲಿಟ್ಟುಕೊಂಡು ದೊಡ್ಡ ಡಾಕ್ಟರ ಕೋಣೆಗೆ ನಡೆದ. ಚೀಟಿಗೆ ಡಾಕ್ಟರ ಸಹಿ ಬೇಕಾಗಿದ್ದರಿಂದ ಗಂಡಹೆಂಡಿರೂ ಹಿಂದೆ ಹೊರಟರು.

ಜಗನ್ನಾಥರಾಯರು ಬಹಳ ಖುಷಿಯಲ್ಲಿದ್ದರು. ವರದಿ ಮೆಚ್ಚಿ ಹೈದರಾಬಾದಿನಿಂದ ಅಂದೇ ಕಾಗದ ಬಂದಿತ್ತು. ಪ್ರಾಣೇಶ ಹೇಳಿದ್ದನ್ನೆಲ್ಲ ಕೇಳಿ, ಗದ್ದೆಪ್ಪನ ಚೀಟಿಗೆ ಸಹಿ ಹಾಕಿ, ಒಂದೇ ಭೇಟಿಯಲ್ಲಿ ಪೂರ್ಣ ಗುಣ ಎಂದು ತಾವೇ ಒಂದು ಸಾಲು ಸೇರಿಸಿದರು.

"ಉಳಿದವರನ್ನ ತಿರುಗಿ ಕರಸಬೇಕ್ರಿ" ಅಂದ ಪ್ರಾಣೇಶ. "ಅವರ ಅನ್ನ ಹೋಗ್ಯದ."

"ವರದಿ ಮುಟ್ಟ್ಯದ, ಮೆಚ್ಚ್ಯಾರ. ಈಗ ಎಪ್ಪತ್ತಮೂರು ಮಂದಿಗೆ ಕಸುವು ಬಂತು ಅಂದ್ರ ನನ್ನ ಮಾನ ಎಲ್ಲಿ ಉಳೀತದ? ಆ ವಹಿ ಇಲ್ಲಿ ಕೊಡ್ರಿ, ಅಲಮಾರದಾಗ ಇಡತೀನಿ." ರಾಯರು ವಹಿಯ ಒಂದು ತುದಿ ಹಿಡಿದು ಎಳೆದರು. "ಸ್ವಲ್ಪ ದಿನ ತಡೀರಿ, ಪ್ರಾಣೇಶರಾಯರ."

ತಡೀರಿ. ಎಂಟು ತಿಂಗಳು ಅವನು ಮಂದಿಗೆ ಹೇಳಿದ ಮಾತು ಇಂದು ಅವನಿಗೇ ಬಂತು. ಯಾವ ಅರ್ಥ ಹಿಡಿಯಬೇಕೆಂದು ಅವನು ಒಂದು ಉಸಿರಿನಷ್ಟು ಹೊತ್ತು ಯೋಚಿಸಿದ. ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

ರಾಯರು ಎಳೆದರು. ವಹಿ ಬರಲಿಲ್ಲ. ಮತ್ತೂ ಎಳೆದರು. "ತಡೀರಿ ಅಂದೆ!"

"ತಡದೀನ್ರಿ, ಸಾಹೇಬ್ರ" ಅಂದ ಪ್ರಾಣೇಶ. ಅವನ ತೋಳು ಜಗ್ಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಯ್ಯಮ್ಮ ಸುಮ್ಮನಿರದೆ ಕೂಗಿದಳು, "ಯಪ್ಪಾ, ಬಿಡಬ್ಯಾಡ್ರಿ!"

ವಹಿಯ ಹೊಲಿಗೆ ಹರಿಯಿತು. ಬರೀ ರಟ್ಟು ಹಿಡಿದುಕೊಂಡು ರಾಯರು ಕುರ್ಚಿಯಲ್ಲಿ ಕುಸಿದರು. ಪ್ರಾಣೇಶ ಎಪ್ಪತ್ತಮೂರು ಹೆಸರಿನ ಹಾಳೆಗಳನ್ನು ಎದೆಗೆ ಹಿಡಿದುಕೊಂಡು, ಯಮನೂರಪ್ಪನ ಮಟಮಾರಿಗೆ ಹೋಗುವ ಬಂಡಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಗದ್ದೆಪ್ಪನನ್ನು ಕೇಳಿದ. ಈ ಸಲ ಅವನ ಕಣ್ಣು ಗದ್ದೆಪ್ಪನ ಮುಖದ ಮೇಲಿತ್ತು.