ಎರಡನೇ ಬ್ರೇಕ್

ಕಾರು ಕಲಿಸುವವರ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತು ಕಲಿಸುವವರ ಕಾಲಡಿ. ವರ್ಷಗಟ್ಟಲೆ ಆ ಪಕ್ಕದ ಸೀಟಿನಲ್ಲೇ ಕೂತು ದುಡಿದ ಅಮ್ಮನ ಬಲಗಾಲಿಗೆ ಕಾರಿನಿಂದ ಇಳಿದ ಮೇಲೂ ಸುಮ್ಮನಿರುವ ಅಭ್ಯಾಸವಿಲ್ಲ. ಹಾಲು ಉಕ್ಕಿದರೆ ಅದು ನೆಲ ಒತ್ತುತ್ತದೆ. ಟಿವಿಯಲ್ಲಿ ಯಾರಾದರೂ ಓಡಿದರೂ ಒತ್ತುತ್ತದೆ. ಮೂರು ವರ್ಷದ ಮಗ ಸೋಫಾದ ಕೈ ಮೇಲೆ ನಿಂತರಂತೂ ಕೆಳಗಿನ ಮನೆಯವರಿಗೆ ಕೇಳುವಷ್ಟು ಜೋರಾಗಿ ಒತ್ತುತ್ತದೆ. ಕಾಲಿನ ಹಿಂದೆಯೇ ಬಾಯಿ: "ಹುಷಾರು!"

ಮಗನಿಗೆ ಅದರ ಲೆಕ್ಕವೇ ಇಲ್ಲ. ನಿಂತಲ್ಲಿ ನಿಲ್ಲದ ಅವನಿಗೆ ಅಜ್ಜಿ ಬುಗುರಿ ಎಂದೇ ಹೆಸರಿಟ್ಟಿದ್ದರು. ಆ ಹುಷಾರು ನಾಟುತ್ತಿದ್ದದ್ದು ಆರು ವರ್ಷದ ಮಗಳಿಗೆ. ತೊಟ್ಟಿಲಲ್ಲೇ ಎಗರುತ್ತಿದ್ದಳೆಂದು ಎಲ್ಲರೂ ಅವಳನ್ನು ಮಿಡತೆ ಎಂದು ಕರೆದಿದ್ದರು. ಆ ಮಿಡತೆ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಒಮ್ಮೆ ತಿರುಗಿ ಅಮ್ಮನನ್ನು ನೋಡುತ್ತಾಳೆ. ಹೋದ ವಾರ ಶಾಲೆಯ ಜಾರುಬಂಡೆಯ ಏಣಿಯ ಮೇಲೆ ಅವಳು ಅರ್ಧದಲ್ಲೇ ನಿಂತುಬಿಟ್ಟಳಂತೆ. ಯಾಕಮ್ಮಾ ಎಂದು ಟೀಚರ್ ಕೇಳಿದ್ದಕ್ಕೆ, "ಅಮ್ಮ ಇಲ್ವಲ್ಲ, ಹೋಗಬಹುದೋ ಬೇಡವೋ ಹೇಗೆ ಗೊತ್ತಾಗತ್ತೆ?" ಎಂದಿದ್ದಳು.

ಟೀಚರ್ ನಗುತ್ತಾ ಹೇಳಿದ ಮಾತು ಅಮ್ಮನಿಗೆ ಚುಚ್ಚಿತು. ಇಂಥ ಶಿಷ್ಯರನ್ನು ಅವಳು ಬೇಕಾದಷ್ಟು ಕಂಡಿದ್ದಳು. ರಸ್ತೆ ಬಿಟ್ಟು ಅವಳ ಕಾಲನ್ನೇ ಓರೆಗಣ್ಣಲ್ಲಿ ನೋಡುತ್ತಾ ಓಡಿಸುವವರು, ತಮ್ಮ ಕಾಲಡಿಯೂ ಒಂದು ಬ್ರೇಕ್ ಇದೆ ಎನ್ನುವುದನ್ನೇ ಮರೆತವರು. ಅವರಿಗೆಲ್ಲ ಅವಳ ಬಳಿ ಒಂದೇ ಮದ್ದು. ಕೊನೆಯ ಪಾಠದ ದಿನ ಖಾಲಿ ಮೈದಾನಕ್ಕೆ ಕರೆದೊಯ್ದು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ ಚಕ್ಕಳಮಕ್ಕಳ ಹಾಕಿ ಕೂತು, "ಈಗ ನಿಮ್ಮ ಪಾಡು ನಿಮ್ಮದು, ಹೊರಡಿ" ಎನ್ನುತ್ತಾಳೆ. ಶಾಲೆಗೆ ರಜೆಯಿದ್ದ ಒಂದು ದಿನ ಮಿಡತೆಯೂ ಹಿಂದಿನ ಸೀಟಿನಲ್ಲಿ ಕೂತು ಇದನ್ನು ನೋಡಿದ್ದಳು.

ಭಾನುವಾರ ಎಲ್ಲರೂ ಆ ಎರಡು ಬ್ರೇಕಿನ ಕಾರಿನಲ್ಲೇ ಗಾಳಿಕೋಟೆಗೆ ಹೊರಟರು. ಊರಾಚೆಯ ಹಳೇ ಗೋದಾಮೊಂದರಲ್ಲಿ ಗಾಳಿ ತುಂಬಿದ ಕೋಟೆ, ಸುರಂಗ, ಜಾರುಬಂಡೆಗಳನ್ನು ನಿಲ್ಲಿಸಿದ್ದರು. ಸ್ಟೇರಿಂಗ್ ಹಿಡಿದವಳು ಅಮ್ಮ. ಅಪ್ಪನಿಗೆ ಕನ್ನಡಕದ ಅಂಗಡಿ. ಊರಿಗೆಲ್ಲ ಕಾರು ಕಲಿಸಿದ ಹೆಂಡತಿಯ ಪಕ್ಕದಲ್ಲಿ ಅವನಿನ್ನೂ ಲೈಸೆನ್ಸ್ ಇಲ್ಲದೆ ಕೂತಿದ್ದ.

"ನಾನು ಹೇಗೆ ಕಲೀಲಿ? ನಾನು ಗೇರ್ ಹಾಕೋ ಮುಂಚೆನೇ ನೀನು ಬ್ರೇಕ್ ಒತ್ತಿರ್ತೀಯ!"

"ಗೋಡೆ ಎದುರಿಗಿತ್ತು ಕಣ್ರೀ."

"ಗೋಡೆ ಪಕ್ಕದ ಬೀದೀಲಿತ್ತು!"

ಹಿಂದಿನ ಸೀಟಿನಿಂದ ಅಜ್ಜಿ, ಎಂದರೆ ಅಮ್ಮನ ಅತ್ತೆ, ಪಂಚಾಯ್ತಿಗೆ ಬಂದರು. "ನನ್ನ ಮುದ್ದಿನ ಸೊಸೆ, ಇವತ್ತು ಮಕ್ಕಳಿಗೆ ಒಂದು ಸಲಾನೂ ಹುಷಾರು ಅನ್ನಬೇಡ ನೋಡೋಣ."

"ಅನ್ನಲ್ಲ ಅತ್ತೆ. ನಾನೂ ಅದನ್ನೇ ಅಂದ್ಕೊಂಡು ಬಂದಿದೀನಿ."

"ಅಂದ್ಬಿಟ್ರೆ?" ಅಪ್ಪ ಎದ್ದು ಕೂತ. "ಬಾಜಿ ಕಟ್ಟು. ನೀನು ಹುಷಾರು ಅಂದ್ಬಿಟ್ರೆ, ಗೋದಾಮಿನ ಹಿಂದಿನ ಮೈದಾನದಲ್ಲಿ ಒಂದು ಸುತ್ತು ನಾನು ಓಡಿಸ್ತೀನಿ."

ಅಮ್ಮ ಒಪ್ಪಿದಳು. ಸೋಲುವ ಯೋಚನೆ ಅವಳಿಗಿರಲಿಲ್ಲ.

ಒಳಗೆ ಗಾಳಿಯೂದುವ ಯಂತ್ರಗಳ ಗದ್ದಲಕ್ಕೆ ತಗಡಿನ ಚಾವಣಿ ನಡುಗುತ್ತಿತ್ತು. ಬಿಸಿ ರಬ್ಬರು ಮತ್ತು ಕಾಲುಚೀಲಗಳ ವಾಸನೆ ಬೆರೆತು ಮೂಗಿಗೆ ಬಡಿಯುತ್ತಿತ್ತು. ಚಪ್ಪಲಿಗಳನ್ನು ಗೂಡಿನಲ್ಲಿಟ್ಟು, ಎಲ್ಲರೂ ಕಾಲುಚೀಲ ತೊಟ್ಟು, ಮಕ್ಕಳ ಕೈಗೆ ಹಳದಿ ಪಟ್ಟಿ ಕಟ್ಟಿಸಿ, ದೊಡ್ಡವರು ಬೆಂಚಿನಲ್ಲಿ ಕೂತರು. ಬುಗುರಿ ಬಾಗಿಲಿನಿಂದಲೇ ಹಾರಿದ. ಮುಖ ಕೆಳಗಾಗಿ ಬಿದ್ದ, ಪುಟಿದು ಎದ್ದ, ಕೋಟೆಯ ಗೋಡೆಯನ್ನು ಕಚ್ಚಿ ನೋಡಿದ, ಒಂದು ಕಾಲುಚೀಲ ಕಳೆದುಕೊಂಡು ಯಾರದೋ ಇನ್ನೊಂದನ್ನು ಹಿಡಿದು ಬಂದ. ಅಮ್ಮನ ಕಾಲು ಬೆಂಚಿನಡಿ ಟಕಟಕ ಎನ್ನುತ್ತಲೇ ಇತ್ತು. ಬಾಯಿ ಮಾತ್ರ ಮುಚ್ಚಿತ್ತು.

ಮಿಡತೆ ಹೋಗಿ ನಿಂತದ್ದು ಎಲ್ಲಕ್ಕಿಂತ ಎತ್ತರದ ನೀಲಿ ಜಾರುಬಂಡೆಯ ಬಳಿ. ಅದರ ಮೆಟ್ಟಿಲುಗಳೂ ಗಾಳಿಯವೇ. ಕಾಲಿಟ್ಟರೆ ಕುಸಿಯುತ್ತವೆ. ನಾಲ್ಕು ಹತ್ತಿ ತಿರುಗಿದಳು. ಅಮ್ಮ ಚಾವಣಿ ನೋಡಿದಳು. ಮತ್ತೆ ನಾಲ್ಕು. ಅಮ್ಮ ಅತ್ತೆಯ ಸೆರಗಿನ ಅಂಚು ನೋಡಿದಳು.

"ನೆಟ್ಟಗೆ ಕೂತ್ಕೋ. ಕಳ್ಳಿ ಥರ ಕಾಣ್ತೀಯ," ಎಂದ ಅಪ್ಪ.

ಮಿಡತೆ ತುದಿ ತಲುಪಿ ಕೂತೇಬಿಟ್ಟಳು. ಕೆಳಗೆ ನೋಡಿದ್ದೇ ಮುಖ ಬಿಳುಚಿತು. ಹಿಂದೆ ನಿಂತ ಹುಡುಗ, "ಬೇಗ ಹೋಗೇ, ಇಲ್ಲಾಂದ್ರೆ ದಾರಿ ಬಿಡು!" ಎಂದು ಕೂಗಿದ. ಅವಳು ಒಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಈಗ ಮೆಟ್ಟಿಲಿಳಿದು ಬಂದರೆ ಅವಳು ಇನ್ನು ಹತ್ತುವುದಿಲ್ಲ ಎಂಬುದು ಅಮ್ಮನಿಗೆ ಖಾತ್ರಿಯಾಗಿ ಗೊತ್ತಿತ್ತು.

"ಹು..." ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅದಕ್ಕೊಂದು ಬಿಸ್ಕತ್ತು ತುರುಕಿದರು.

ಆಗ ಅಮ್ಮ ಗಮನಿಸಿದಳು. ಮಗಳು ನೋಡುತ್ತಿದ್ದದ್ದು ತನ್ನ ಮುಖವನ್ನಲ್ಲ. ಅವಳ ಕಣ್ಣು ಬೆಂಚಿನ ಕೆಳಗೆ, ಟಕಟಕ ಎನ್ನುತ್ತಿದ್ದ ಬಲಗಾಲಿನ ಮೇಲಿತ್ತು.

ಆ ಗದ್ದಲದಲ್ಲಿ ಏನು ಹೇಳಿದರೂ ಅಷ್ಟು ಎತ್ತರಕ್ಕೆ ಕೇಳುವುದಿಲ್ಲ. ಅಮ್ಮ ಬಿಸ್ಕತ್ತು ನುಂಗಿದಳು. ಬಲಗಾಲನ್ನು ನೆಲದಿಂದ ಎತ್ತಿ ಬೆಂಚಿನ ಮೇಲಿಟ್ಟಳು. ಎಡಗಾಲನ್ನೂ ಎತ್ತಿದಳು. ಎರಡನ್ನೂ ಮಡಚಿ ಚಕ್ಕಳಮಕ್ಕಳ ಹಾಕಿ, ಮಡಿಲಲ್ಲಿ ಕೈಯಿಟ್ಟು ಕೂತಳು.

ಮಿಡತೆಯ ಬಾಯಿ ನಿಧಾನಕ್ಕೆ ಅಗಲವಾಯಿತು. ಹಿಂದಿನ ಹುಡುಗನಿಗೆ ಏನೋ ಹೇಳಿ, ಎರಡೂ ಕೈ ಮೇಲೆತ್ತಿ, ಜಾರಿದಳು.

ಕೆಳಗೆ ಬಿದ್ದು, ಉರುಳಿ, ಎದ್ದವಳು ಬೆಂಚಿನ ಕಡೆ ಬರಲೇ ಇಲ್ಲ. ಕೂದಲೆಲ್ಲ ಕೆದರಿಕೊಂಡು ನೇರ ಮೆಟ್ಟಿಲಿಗೇ ಓಡಿದಳು. ಮತ್ತೆ ಜಾರಿದಳು, ಮತ್ತೆ ಓಡಿದಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಅಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಸ್ವಲ್ಪ ಹೊತ್ತಿನ ಮೇಲೆ, ಒಮ್ಮೆಯಾದರೂ ನೋಡಬಾರದೇ ಇವಳು ಎಂದೂ ಅನ್ನಿಸಿತು.

ಕೊನೆಗೆ ಮಿಡತೆಯೇ ಬಂದು ಕೈ ಹಿಡಿದೆಳೆದಳು. "ಅಮ್ಮಾ, ನೀನೂ ಬಾ. ದೊಡ್ಡೋರೂ ಹತ್ತಬಹುದಂತೆ, ಪೀಪಿ ಊದೋ ಅಕ್ಕ ಹೇಳಿದ್ರು."

ಮೇಲಿನಿಂದ ನೋಡಿದಾಗ ಅದು ನಿಜಕ್ಕೂ ಎತ್ತರವಾಗಿಯೇ ಇತ್ತು. ತಾಯಿ ಮಗಳು ಒಟ್ಟಿಗೆ ಜಾರಿದರು. ಅಮ್ಮನ ಬಲಗಾಲು ಇದ್ದಬದ್ದ ಬಲವನ್ನೆಲ್ಲ ಹಾಕಿ ಒತ್ತಿತು. ನುಣ್ಣನೆಯ ರಬ್ಬರಿನ ಮೇಲೆ ಕಾಲುಚೀಲ ಸರ್ರನೆ ಸರಿಯಿತು. ಅಲ್ಲಿ ಬ್ರೇಕ್ ಇರಲಿಲ್ಲ.

"ಹುಷಾ... ರೂ... ರೂ... ರೂ!"

ಯಂತ್ರಗಳ ಗದ್ದಲವನ್ನೂ ಮೀರಿ ಗೋದಾಮಿಗೆಲ್ಲ ಕೇಳಿತು. ಕೆಳಗೆ ಅಪ್ಪ ಕೈ ಚಾಚಿ ನಿಂತಿದ್ದ. ಎಬ್ಬಿಸಲು ಬಂದನೇನೋ ಎಂದು ಅಮ್ಮ ಕೈ ಕೊಟ್ಟಳು.

"ಕೈಯಲ್ಲ, ಕೀ ಕೊಡು."

"ಅದು ನನಗೇ ಹೇಳ್ಕೊಂಡಿದ್ದು ಕಣ್ರೀ!"

"ಮಕ್ಕಳಲ್ಲಿ ಒಬ್ಬಳು ನಿನ್ನ ಪಕ್ಕದಲ್ಲೇ ಇದ್ಲು," ಎಂದು ಅಜ್ಜಿ ತೀರ್ಪು ಕೊಟ್ಟರು.

ಹಿಂದಿನ ಮೈದಾನ ಖಾಲಿಯಿತ್ತು. ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ ತೊಟ್ಟ ಬುಗುರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಅಜ್ಜಿ ಗೋಡೆಯ ಪಕ್ಕ ನಿಂತರು. ಅಪ್ಪ ಕನ್ನಡಕ ಒರೆಸಿಕೊಂಡ, ಬೆಲ್ಟ್ ಬಿಗಿದ, ಕನ್ನಡಿ ಸರಿಮಾಡಿದ, ಮತ್ತೆ ಕನ್ನಡಕ ಒರೆಸಿಕೊಂಡ. ಪಕ್ಕದ ಸೀಟಿನಲ್ಲಿ ಅಮ್ಮನ ಬಲಗಾಲು ಆಗಲೇ ಬ್ರೇಕಿನ ಮೇಲಿತ್ತು.

"ಅಮ್ಮಾ, ಕಾಲು!" ಎಂದು ಗೋಡೆಯ ಬಳಿಯಿಂದ ಮಿಡತೆ ಕೂಗಿದಳು.

ಅಮ್ಮ ಉಸಿರೆಳೆದು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿದಳು. ಕಾರು ಮುಂದಕ್ಕೆ ಕುಪ್ಪಳಿಸಿತು, ನಡುಗಿತು, ಕೆಮ್ಮಿತು, ನಿಂತುಬಿಟ್ಟಿತು.

ಅಪ್ಪ ಸರ್ರನೆ ಅವಳತ್ತ ತಿರುಗಿದ.

"ಈ ಸಲ ನಾನಲ್ಲ," ಎಂದು ಅಮ್ಮ ಪಾದಗಳನ್ನು ತೋರಿಸಿದಳು. "ಕ್ಲಚ್ ನಿಧಾನಕ್ಕೆ ಬಿಡಿ. ಇನ್ನೊಂದ್ಸಲ."